ಚಲನಚಿತ್ರದ ಮೂಲಪಾಠ ಮತ್ತು ಅಭಿಮಾನಿ ಸಂಪಾದಕರು: ‘ಸ್ಟಾರ್ ವಾರ್ಸ್’ ಪುನಾರಚನೆಯ ಒಂದು ವಿಮರ್ಶೆ

ಪಾಠ, ಪಾಠಾಂತರ, ಪ್ರಕ್ಷೇಪ ಮೊದಲಾದ ಪರಿಭಾಷೆಗಳು ಓಲೆಗರಿಯ ಗ್ರಂಥಗಳಿಗೆ ಹಾಗೂ ಮೌಖಿಕ ಕಾವ್ಯಗಳಿಗೆ ಸೀಮಿತವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಯಂತ್ರದ ಮೂಲಕ ನೂರಾರು ಪ್ರತಿಗಳಾಗಿ ಹೊರಬರುವ ಚಲನಚಿತ್ರಕ್ಕೆ ಒಂದೇ ಪಾಠವಿರುತ್ತದೆ ಎಂಬುದು ಇದರ ಹಿಂದಿರುವ ನಂಬಿಕೆ. ಜಾರ್ಜ್ ಲ್ಯೂಕಾಸ್ ನಿರ್ದೇಶನದ ‘ಸ್ಟಾರ್ ವಾರ್ಸ್’ ಚಿತ್ರದ ಇತಿಹಾಸ ಈ ನಂಬಿಕೆಯನ್ನು ಅಲುಗಿಸುತ್ತದೆ. ಆ ಚಿತ್ರವು ಮೊದಲು ತೆರೆಕಂಡ ರೂಪವನ್ನು ಅಭಿಮಾನಿಗಳು ಹಲವು ಆಕರಗಳಿಂದ ಮರಳಿ ಕಟ್ಟಿದ ಪ್ರಯತ್ನಗಳನ್ನು ಗ್ರಂಥಸಂಪಾದನೆ ಹಾಗೂ ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚಿತ್ರವು ಅಮೆರಿಕದಲ್ಲಿ 1977ರ ಮೇ 25ರಂದು ಬಿಡುಗಡೆಯಾಯಿತು. 1981ರ ಮರುಬಿಡುಗಡೆಯಲ್ಲಿ ಆರಂಭದ ಬರಹಕ್ಕೆ ಅಧ್ಯಾಯದ ಸಂಖ್ಯೆ ಮತ್ತು ಉಪಶೀರ್ಷಿಕೆ ಸೇರಿದವು. 1997ರ ‘ವಿಶೇಷ ಆವೃತ್ತಿ’ಯಲ್ಲಿ ಗಣಕದಿಂದ ರಚಿಸಿದ ದೃಶ್ಯಗಳು ಬಂದವು, ಜಬ್ಬಾ ಎಂಬ ಪಾತ್ರದ ಸನ್ನಿವೇಶವೊಂದು ಹೊಸದಾಗಿ ಸೇರಿತು. ಮೂಲದಲ್ಲಿ ಹಾನ್ ಸೋಲೊ ಒಬ್ಬನೇ ಗುಂಡು ಹಾರಿಸಿ ಗ್ರೀಡೊನನ್ನು ಕೊಂದರೆ, ಈ ಆವೃತ್ತಿಯಲ್ಲಿ ಗ್ರೀಡೊನೇ ಮೊದಲು ಗುಂಡು ಹಾರಿಸುತ್ತಾನೆ. ನಾಯಕನ ಸ್ವಭಾವವನ್ನೇ ಮಾರ್ಪಡಿಸುವ ಈ ಸನ್ನಿವೇಶವು 2004ರಲ್ಲಿಯೂ 2019ರಲ್ಲಿಯೂ ಮತ್ತೆ ಬದಲಾಯಿತು. 2006ರಲ್ಲಿ ಹಳೆಯ ರೂಪವು ಡಿವಿಡಿಯ ಅನುಬಂಧವಾಗಿ ಹೊರಬಂದಿತಾದರೂ, ಅದಕ್ಕೆ 1993ರ ಲೇಸರ್‌ಡಿಸ್ಕ್‌ಗಾಗಿ ಸಿದ್ಧಪಡಿಸಿದ್ದ ಪ್ರತಿಯೇ ಆಧಾರವಾಗಿದ್ದುದರಿಂದ ಚಿತ್ರದ ಗುಣಮಟ್ಟ ಕೆಳಮಟ್ಟದ್ದಾಗಿತ್ತು.

ಕರ್ತೃವಿಗೆ ತನ್ನ ಕೃತಿಯನ್ನು ತಿದ್ದುವ ಹಕ್ಕಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜ. ಜನಪದ ಗಾಯಕನೂ ಪ್ರತಿ ಪ್ರದರ್ಶನದಲ್ಲಿ ಕಥೆಯನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಆದರೆ ನಿನ್ನೆ ಹಾಡಿದ ಪಾಠವನ್ನು ಕೇಳುಗರ ಬಳಿಯಿಂದ ಅವನು ಹಿಂದಕ್ಕೆ ಪಡೆಯಲಾರ. ಮೌಖಿಕ ಪರಂಪರೆಯಲ್ಲಿ ಹೊಸ ಪಾಠವು ಹಳೆಯದರ ಪಕ್ಕದಲ್ಲಿ ನಿಲ್ಲುತ್ತದೆ. ಇಲ್ಲಿಯಾದರೋ ಹೊಸದು ಹಳೆಯದನ್ನು ಸ್ಥಾನಪಲ್ಲಟಗೊಳಿಸಿತು. ಚಲನಚಿತ್ರಗಳನ್ನು ಅವುಗಳ ಮಾಲೀಕರು ಬದಲಿಸುವುದರ ವಿರುದ್ಧ 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ವಾದಿಸಿದವರಲ್ಲಿ ಲ್ಯೂಕಾಸ್ ಅವರೂ ಒಬ್ಬರು. ಅವರ ಕಾಳಜಿ ಕಲಾವಿದನ ಹಕ್ಕನ್ನು ಕುರಿತದ್ದು; ಕೃತಿಯನ್ನು ಸ್ವೀಕರಿಸಿದ ಸಮುದಾಯದ ಹಕ್ಕು ಆ ಚೌಕಟ್ಟಿನ ಹೊರಗೇ ಉಳಿಯಿತು. ಅಭಿಮಾನಿಗಳ ಕಾರ್ಯ ಆರಂಭವಾಗುವುದು ಈ ಬಿಟ್ಟುಹೋದ ಜಾಗದಲ್ಲಿ.

ಈ ಪ್ರಯತ್ನಗಳಲ್ಲಿ ಎರಡು ಮಾರ್ಗಗಳನ್ನು ಗುರುತಿಸಬಹುದು. ಮೊದಲನೆಯದು ಜೆಕ್ ದೇಶದ ಅಭಿಮಾನಿಯೊಬ್ಬರ ನೇತೃತ್ವದಲ್ಲಿ ಸಿದ್ಧವಾದ ‘ಡೀಸ್ಪೆಷಲೈಸ್ಡ್ ಎಡಿಷನ್’. 2011ರ ಬ್ಲೂ-ರೇ ಇದರ ಮುಖ್ಯ ಆಧಾರ. ಪ್ರಕ್ಷೇಪಗಳಿದ್ದ ಕಡೆಗಳಲ್ಲಿ 2006ರ ಡಿವಿಡಿ, ದೂರದರ್ಶನ ಪ್ರಸಾರದ ಮುದ್ರಣ, ಫಿಲ್ಮ್ ಪ್ರಿಂಟ್‌ಗಳ ಸ್ಕ್ಯಾನ್ ಮೊದಲಾದ ಆಕರಗಳಿಂದ ಮೂಲ ದೃಶ್ಯಗಳನ್ನು ತಂದು ಜೋಡಿಸಿ, ಬಣ್ಣಗಳನ್ನು ಹೊಂದಿಸಲಾಗಿದೆ. ಇದು ಹಲವು ಪ್ರತಿಗಳಿಂದ ಶುದ್ಧಪಾಠವನ್ನು ಕಟ್ಟುವ ಸಂಪಾದನ ಮಾರ್ಗ. ಎರಡನೆಯದು 2018ರಲ್ಲಿ ಹೊರಬಂದ ‘4ಕೆ77’. ಇದು ಬಹುಮಟ್ಟಿಗೆ 1977ರ ಒಂದೇ ಟೆಕ್ನಿಕಲರ್ ಪ್ರಿಂಟ್‌ನ ಸ್ಕ್ಯಾನ್ ಅನ್ನು ಅವಲಂಬಿಸಿದೆ. ಟೆಕ್ನಿಕಲರ್ ವರ್ಣಲೇಪನ ವಿಧಾನದ ಪ್ರಿಂಟ್‌ಗಳ ಬಣ್ಣ ಬೇಗ ಮಾಸುವುದಿಲ್ಲವಾದ್ದರಿಂದ ಈ ಆಯ್ಕೆ ಔಚಿತ್ಯಪೂರ್ಣ. ಇದು ಉತ್ತಮ ಪ್ರತಿಯೊಂದನ್ನು ನೆಚ್ಚಿ ನಡೆಯುವ ಮಾರ್ಗ.

ಮೊದಲ ಮಾರ್ಗದ ಫಲಿತಾಂಶ ನೋಡಲು ಸೊಗಸು. ಆದರೆ ಆ ನಿಖರ ರೂಪವು 1977ರ ಯಾವ ಚಿತ್ರಮಂದಿರದಲ್ಲಿಯೂ ಪ್ರದರ್ಶಿತವಾದುದಲ್ಲ. ಎರಡನೆಯದರಲ್ಲಿ ಫಿಲ್ಮಿನ ಕಣಗಳೂ ಸವೆತದ ಗುರುತುಗಳೂ ಉಳಿದಿವೆ. ಹಸ್ತಪ್ರತಿಯ ಹುಳುಕಿನಂತೆ ಅವೂ ಸಾಕ್ಷ್ಯಗಳೇ. ಆದರೂ ಅದು ಒಂದು ಪ್ರಿಂಟ್‌ನ ಸಾಕ್ಷ್ಯವೇ ಹೊರತು ಸಮಗ್ರ ಮೂಲವಲ್ಲ. ಏಕೆಂದರೆ 1977ರ ಪಾಠವೂ ಏಕರೂಪದ್ದಾಗಿರಲಿಲ್ಲ. 35 ಮಿ.ಮೀ. ಸ್ಟೀರಿಯೊ, 70 ಮಿ.ಮೀ.ನ ಆರು ಧ್ವನಿಪಥ ಮತ್ತು ಮೊನೊ ಎಂಬ ಮೂರು ಧ್ವನಿಮಿಶ್ರಣಗಳು ಆ ವರ್ಷವೇ ಬಳಕೆಯಲ್ಲಿದ್ದು, ಅವುಗಳ ನಡುವೆ ಮಾತುಗಳಲ್ಲಿಯೂ ಶಬ್ದಗಳಲ್ಲಿಯೂ ವ್ಯತ್ಯಾಸಗಳಿದ್ದವು. ಹೀಗಾಗಿ ಅಭಿಮಾನಿಗಳು ಹುಡುಕಿದ ‘ಏಕೈಕ ಮೂಲ’ವೆಂಬುದು ಕೂಡ ಒಂದು ಕಲ್ಪನೆಯೇ.

ಜಾನಪದ ಕ್ಷೇತ್ರಕ್ಕೆ ಈ ಸಮಸ್ಯೆ ಹೊಸದಲ್ಲ. ಎಲಿಯಾಸ್ ಲೋನ್‌ರಾಟ್ ಹಲವು ಗಾಯಕರ ಹಾಡುಗಳನ್ನು ಹೊಂದಿಸಿ 1835ರಲ್ಲಿಯೂ, ವಿಸ್ತರಿಸಿ 1849ರಲ್ಲಿಯೂ ಪ್ರಕಟಿಸಿದ ಫಿನ್‌ಲ್ಯಾಂಡಿನ ‘ಕಲೇವಾಲ’ ಯಾವ ಒಬ್ಬ ಗಾಯಕನೂ ಹಾಡಿದ ಕಾವ್ಯವಲ್ಲ. ಅದರ ರಚನಾಕ್ರಮವನ್ನು ನಾವು ಇಂದು ವಿವೇಚಿಸಲು ಸಾಧ್ಯವಾಗಿರುವುದು, ಸಂಗ್ರಹಿತ ಹಾಡುಗಳ ಪಾಠಾಂತರಗಳನ್ನು ಮುಂದೆ 1908ರಿಂದ ಸಂಪುಟಗಳಲ್ಲಿ ಪ್ರತ್ಯೇಕವಾಗಿ ಅಚ್ಚುಮಾಡಿದ್ದರಿಂದ. ನಮ್ಮಲ್ಲಿಯೂ ಹಲವು ಕಲಾವಿದರ ಪಾಠಗಳನ್ನು ಕೂಡಿಸಿ ‘ಪೂರ್ಣ’ ಪಾಠವೊಂದನ್ನು ಸಿದ್ಧಪಡಿಸಿ, ಯಾವ ಸಾಲು ಯಾರದೆಂಬುದನ್ನು ಹೇಳದೆ ಬಿಟ್ಟಲ್ಲಿ ಕಲಾವಿದನೇ ಕಾಣೆಯಾಗುತ್ತಾನೆ. ಅಭಿಮಾನಿಗಳ ಪುನಾರಚನೆಯನ್ನು ಅಳೆಯಬೇಕಾದುದೂ ಇದೇ ಮಾನದಂಡದಿಂದ. ಯಾವ ದೃಶ್ಯ ಯಾವ ಆಕರದ್ದು, ಎಲ್ಲಿ ಊಹೆಯಿಂದ ತುಂಬಲಾಗಿದೆ ಎಂಬ ವಿವರ ಜೊತೆಗಿದ್ದರೆ ಅದು ಸಂಪಾದನೆ. ಇಲ್ಲದಿದ್ದರೆ ಅದೂ ಮತ್ತೊಂದು ಪ್ರಕ್ಷೇಪವೇ.

ಲಂಡನ್ನಿನಲ್ಲಿ 2025ರ ಜೂನ್‌ನಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1977ರ ಪ್ರಿಂಟ್ ಒಂದನ್ನು ಪ್ರದರ್ಶಿಸಿತು. ಅಧಿಕೃತ ಸಂಗ್ರಹದಲ್ಲಿ ಮೂಲಪ್ರತಿ ಉಳಿದಿದೆಯೆಂಬುದು ಸಮಾಧಾನದ ಸಂಗತಿ. ಆದರೆ ಉಳಿದಿರುವುದು ಬೇರೆ, ಅಧ್ಯಯನಕ್ಕೆ ದೊರೆಯುವುದು ಬೇರೆ. ಮಾಲೀಕತ್ವದ ಕಾನೂನಿನಿಂದಾಗಿ ಅಭಿಮಾನಿಗಳ ಪುನಾರಚನೆಗೆ ಗ್ರಂಥಾಲಯದ ಕಪಾಟಿನಲ್ಲಿ ಸ್ಥಾನವಿಲ್ಲ. ಅಧಿಕೃತವಾದುದು ಮಾತ್ರ ದಾಖಲೆಯೆಂದು ನಂಬುವ ಸಂಗ್ರಹಾಲಯವು ಒಂದು ತಲೆಮಾರು ನಿಜವಾಗಿ ನೋಡಿದ್ದನ್ನು ಕಳೆದುಕೊಳ್ಳಬಹುದು. ಮೌಖಿಕ ಪರಂಪರೆಯ ವಿಷಯದಲ್ಲಿ ನಾವು ತಡವಾಗಿ ಕಲಿತ ಈ ಪಾಠವು ಚಲನಚಿತ್ರಕ್ಕೂ ಅನ್ವಯಿಸುತ್ತದೆ.