ಅಂಚಿನ ಷರಾ

ನಮ್ಮ ಪದವಿ ಕಾಲೇಜುಗಳಲ್ಲಿ ಅಸೈನ್‌ಮೆಂಟ್ ಎಂಬುದು ಬಹುಮಟ್ಟಿಗೆ ಐಎ (ಆಂತರಿಕ ಮೌಲ್ಯಮಾಪನ) ಅಂಕಕ್ಕೆ ಕಟ್ಟುವ ಸುಂಕ. ವಿದ್ಯಾರ್ಥಿ ಹಾಳೆ ತುಂಬಿಸುತ್ತಾನೆ, ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿ ಸಹಿ ಮಾಡುತ್ತಾರೆ. ಅಪರೂಪಕ್ಕೆ ಅಂಚಿನಲ್ಲೊಂದು ಷರಾ ಬಿದ್ದರೂ ಅದನ್ನು ಬೈಗುಳವೆಂದೋ ಅಂಕ ಕಡಿದದ್ದಕ್ಕೆ ಕೊಟ್ಟ ನೆಪವೆಂದೋ ತಿಳಿದು ಮುಚ್ಚಿಡುವುದೇ ವಾಡಿಕೆ.

ಚಿತ್ರದುರ್ಗದಲ್ಲಿ ಇತಿಹಾಸ ಓದುವ ಹುಡುಗಿಯೊಬ್ಬಳು ಹೀಗೆ ಬರೆದಳೆನ್ನಿ: “ಮಯೂರಶರ್ಮನು ಪಲ್ಲವ, ಆಭೀರ, ಮೌಖರಿ ಮೊದಲಾದವರನ್ನು ಸೋಲಿಸಿದನೆಂದು ಚಂದ್ರವಳ್ಳಿ ಶಾಸನ ತಿಳಿಸುತ್ತದೆ.” ಪಕ್ಕದಲ್ಲಿ ಮೇಷ್ಟ್ರ ಪ್ರಶ್ನೆ: “ಯಾರು ಓದಿದ್ದು?”

ಒಂದು ಅಡಿಟಿಪ್ಪಣಿ ಹಾಕಿ ಆಕೆ ಕೈತೊಳೆದುಕೊಳ್ಳಬಹುದು. ಆದರೆ ಪ್ರಶ್ನೆ ಅಷ್ಟಕ್ಕೇ ನಿಲ್ಲುವಂಥದ್ದಲ್ಲ. ಚಂದ್ರವಳ್ಳಿಯ ಬಂಡೆಯ ಮೇಲಿರುವ ಆ ಪ್ರಾಕೃತ ಶಾಸನವನ್ನು 1929ರ ಹೊತ್ತಿಗೆ ಬೆಳಕಿಗೆ ತಂದವರು ಪುರಾತತ್ವಜ್ಞ ಎಂ.ಎಚ್. ಕೃಷ್ಣ. ಕದಂಬರ ಮಯೂರಶರ್ಮ ಕೆರೆಯ ಕೆಲಸ ಮಾಡಿಸಿದನೆಂಬುದರ ಬಗ್ಗೆ ಹೆಚ್ಚು ತಕರಾರಿಲ್ಲ. ಸೋತ ಅರಸರ ಉದ್ದನೆಯ ಪಟ್ಟಿ ಮಾತ್ರ ಕೃಷ್ಣ ಅವರ ಓದು. ಅಕ್ಷರಗಳು ಸವೆದಿವೆ, ಮುಂದಿನ ಶಾಸನತಜ್ಞರಲ್ಲಿ ಹಲವರು ಅದನ್ನು ಒಪ್ಪಲಿಲ್ಲ. ಮಯೂರಶರ್ಮನ ಕಥೆಯನ್ನು ವಿಸ್ತಾರವಾಗಿ ಹೇಳುವ ತಾಳಗುಂದದ ಸ್ತಂಭಶಾಸನದಲ್ಲಿ ಕಾಂಚಿಯ ಜಗಳವಿದೆ, ಪಲ್ಲವರ ಗಡಿಕಾವಲಿನವರನ್ನು ಗೆದ್ದದ್ದಿದೆ, ಬಾಣರಿಂದ ಕಪ್ಪ ಪಡೆದದ್ದಿದೆ, ಮೌಖರಿಗಳ ಸುದ್ದಿಯಿಲ್ಲ. (ಘಟಿಕೆಗೆ ಓದಲು ಹೋಗಿ ಜಗಳ ಕಟ್ಟಿಕೊಂಡು ಬಂದ ವಿದ್ಯಾರ್ಥಿಯೇ ಅವನೂ!) ಇಷ್ಟು ತಿಳಿದ ಮೇಲೆ ಆಕೆಯ ವಾಕ್ಯ ಹಾಗೇ ಉಳಿಯಲಾರದು. “ಕೃಷ್ಣ ಅವರ ಓದನ್ನು ಒಪ್ಪುವುದಾದರೆ” ಎಂದು ಶುರುವಾಗಬೇಕು, ಒಪ್ಪದವರ ಕಾರಣ ಅದರ ಹಿಂದೆಯೇ ಬರಬೇಕು. ಷರಾವನ್ನು ಬಳಸಿಕೊಳ್ಳುವುದೆಂದರೆ ಇದೇ. ಮುಂದಿನ ಸೆಮಿಸ್ಟರಿನಲ್ಲಿ ಬೇರೆ ಯಾವ ಶಾಸನದ ಮೇಲೆ ಬರೆದರೂ ಆ ಪ್ರಶ್ನೆ ಅವಳ ಜೊತೆಗಿರುತ್ತದೆ.

ತಿದ್ದಿಸಿಕೊಂಡರೆ ಮರ್ಯಾದೆ ಹೋಯಿತೆಂದು ಕುಗ್ಗುವವರು ಚಂದ್ರವಳ್ಳಿಯನ್ನೇ ನೋಡಲಿ. ಕೃಷ್ಣ ಅಗೆಸಿದ್ದ ತಾಣವನ್ನು 1947ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಕೃಷ್ಣ ಅವರ ಹೆಸರಿಗೇನೂ ಕುಂದು ಬರಲಿಲ್ಲ.

ಎಲ್ಲ ಷರಾಗಳೂ ಇಷ್ಟು ಉಪಕಾರಿಯಲ್ಲ, ನಿಜ. “ಚೆನ್ನಾಗಿದೆ”, “ಇನ್ನೂ ಸುಧಾರಿಸಬೇಕು” ಎಂಬವು ವಿಳಾಸವಿಲ್ಲದ ಕಾಗದಗಳು. ಅಂಥದ್ದು ಬಂದಾಗ ಸ್ಟಾಫ್ ರೂಮಿಗೆ ಹೋಗಿ “ಯಾವ ಪ್ಯಾರಾ ಸರ್?” ಎಂದು ಕೇಳುವುದು ಉದ್ಧಟತನವಲ್ಲ. “ಅಂಕ ಯಾಕೆ ಕಮ್ಮಿ?” ಎಂದು ಕೇಳಿದರೆ ಚೌಕಾಸಿ ಶುರುವಾಗುತ್ತದೆ, ಪ್ಯಾರಾ ಕೇಳಿದರೆ ಪಾಠ ಶುರುವಾಗುತ್ತದೆ.

ಮೇಷ್ಟ್ರುಗಳ ಕಷ್ಟವೂ ಸಣ್ಣದಲ್ಲ. ಎಷ್ಟೋ ಸರ್ಕಾರಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೆಯೇ ನಡೆಯುತ್ತಿವೆ. ಮೇಜಿನ ಮೇಲಿನ ರಾಶಿಯನ್ನೆಲ್ಲ ಸಾಲುಸಾಲಾಗಿ ತಿದ್ದಿ ಎನ್ನುವುದು ಅನ್ಯಾಯ. ಹಾಳೆಗೊಂದು ಪ್ರಶ್ನೆ ಸಾಕು. ಆದರೆ ಐಎ ಅಂಕ ಅಪ್‌ಲೋಡ್ ಆದ ಮೇಲೆ ಬರುವ ಷರಾದಿಂದ ಯಾರಿಗೂ ಲಾಭವಿಲ್ಲ. ಹಾಳೆಗಳನ್ನು ಅದಕ್ಕೆ ಮೊದಲೇ ವಾಪಸ್ ಕೊಡಿ, ಒಂದು ಪ್ಯಾರಾವನ್ನಾದರೂ ತಿದ್ದಿ ಬರೆಸಿ, ತಿದ್ದಿದ್ದಕ್ಕೂ ಒಂದೆರಡು ಅಂಕವಿಡಿ.