ಅಮೆರಿಕದ ಕೌಟುಂಬಿಕ ಹಾಸ್ಯಮಾಲಿಕೆಗಳಲ್ಲಿ ಸಲಿಂಗಪ್ರೇಮ

ಅಮೆರಿಕದ ದೂರದರ್ಶನದ ಕೌಟುಂಬಿಕ ಹಾಸ್ಯಮಾಲಿಕೆಗಳಲ್ಲಿ ಸಲಿಂಗಪ್ರೇಮಿಗಳ ಚಿತ್ರಣ ಬದಲಾದ ಬಗೆಯನ್ನು ವಿವರಿಸುವವರು ಸಾಮಾನ್ಯವಾಗಿ ಪಾತ್ರಗಳನ್ನು ಎಣಿಸುತ್ತಾರೆ. ಮೊದಲು ಇರಲಿಲ್ಲ, ಅನಂತರ ಒಬ್ಬಿಬ್ಬರು ಬಂದರು, ಈಗ ಹಲವರಿದ್ದಾರೆ. ಈ ಎಣಿಕೆ ಸುಳ್ಳಲ್ಲ. ಆದರೆ ವಿಮರ್ಶೆಯೂ ಅಲ್ಲ. ಹಾಸ್ಯಕ್ಕೆ ಆಲಂಬನರಾದವರು ಯಾರು, ಮನೆಯಲ್ಲಿ ಅವರಿಗೆ ಸಲ್ಲುವ ಹಕ್ಕು ಯಾವುದು ಎಂದು ನಾವು ಕೇಳಬಯಸುತ್ತೇವೆ.

'ಆಲ್ ಇನ್ ದಿ ಫ್ಯಾಮಿಲಿ' ಆರಂಭವಾದುದು 1971ರ ಜನವರಿಯಲ್ಲಿ. ಮರುತಿಂಗಳ ಒಂದು ಕಂತಿನಲ್ಲಿ ಆರ್ಚಿ ಬಂಕರ್ ತನ್ನ ಅಳಿಯನ ನಾಜೂಕಾದ ಗೆಳೆಯನೊಬ್ಬನನ್ನು ಹಂಗಿಸುತ್ತಾನೆ. ಆದರೆ ಸಲಿಂಗಪ್ರೇಮಿಯೆಂದು ತಿಳಿದುಬರುವವನು ಆರ್ಚಿಯೇ ಮೆಚ್ಚಿದ, ಹಿಂದೆ ಫುಟ್ಬಾಲ್ ಆಟಗಾರನಾಗಿದ್ದ ಸ್ಟೀವ್. ನಗೆಯು ನಕ್ಕವನ ಮೇಲೆಯೇ ತಿರುಗುತ್ತದೆ. ಆದರೂ ಸ್ಟೀವ್ ಮನೆಯ ಹೊರಗಿನವನು.

ಅದೇ ಮಾಲಿಕೆಯ 1977ರ 'ಕಸಿನ್ ಲಿಜ್' ಎಂಬ ಕಂತು ಇದಕ್ಕಿಂತ ಬಹಳ ಆಳವಾದುದು. ಆರ್ಚಿಯ ಹೆಂಡತಿ ಈಡಿತಳ ಸೋದರಸಂಬಂಧಿ ಲಿಜ್ ತೀರಿಕೊಂಡಿದ್ದಾಳೆ. ಅವಳೊಡನೆ ಬಾಳಿದ ವೆರೋನಿಕಾ ಎಂಬ ಶಿಕ್ಷಕಿ ಮನೆತನದ ಒಂದು ಬೆಳ್ಳಿಯ ಚಹದ ಸೆಟ್ಟನ್ನು ತಾನೇ ಇಟ್ಟುಕೊಳ್ಳಲು ಬಯಸುತ್ತಾಳೆ. ತಮ್ಮದು ದಾಂಪತ್ಯದಂತಹ ಬಾಳಾಗಿತ್ತೆಂದು ಈಡಿತಳಿಗೆ ಮಾತ್ರ ತಿಳಿಸುತ್ತಾಳೆ. ಆರ್ಚಿ ಪಟ್ಟು ಹಿಡಿಯುತ್ತಾನೆ. ಅಂದಿನ ಕಾನೂನಿನಂತೆ ಅವನ ವಾದವೇ ಸರಿ ಎಂಬುದನ್ನು ಮರೆಯಬಾರದು. ವಿಷಯ ಬಯಲಾದರೆ ಆ ಶಿಕ್ಷಕಿಯ ಕೆಲಸವೂ ಹೋದೀತು. ಈಡಿತ್ ಸೆಟ್ಟನ್ನು ಅವಳಿಗೇ ಬಿಟ್ಟುಕೊಡುತ್ತಾಳೆ. ಬಾಂಧವ್ಯವೆಂದರೇನು ಎಂಬ ಪ್ರಶ್ನೆ ಇಲ್ಲಿ ಮನೆಯ ಒಂದು ಸಾಮಾನಿನ ಮೂಲಕ ಎದ್ದು ನಿಂತಿದೆ. ದಂಪತಿಗಳಲ್ಲಿ ಒಬ್ಬಳು ಸತ್ತ ಮೇಲಷ್ಟೇ ಅವರ ಪ್ರೀತಿಗೆ ತೆರೆಯ ಮೇಲೆ ಎಡೆ ದೊರೆಯಿತೆಂಬುದೂ ನಿಜ.

1997ರಲ್ಲಿ 'ಎಲೆನ್' ಮಾಲಿಕೆಯ ನಾಯಕಿ ತನ್ನ ಒಲವನ್ನು ಬಹಿರಂಗಪಡಿಸಿದ ಕಂತು ಪ್ರಸಿದ್ಧವಾದರೂ, ಅದು ಗೃಹಕಥೆಯಲ್ಲವಾದ್ದರಿಂದ ನಮ್ಮ ಚರ್ಚೆಗೆ ಹೆಚ್ಚು ಸಲ್ಲದು.

2009ರಲ್ಲಿ ಆರಂಭವಾದ 'ಮಾಡರ್ನ್ ಫ್ಯಾಮಿಲಿ'ಯಲ್ಲಿ ಮಿಚೆಲ್ ಮನೆಯ ಮಗ. ಅವನೂ ಕ್ಯಾಮರಾನನೂ ವಿಯೆಟ್ನಾಮಿನಿಂದ ಹೆಣ್ಣುಮಗುವನ್ನು ದತ್ತು ತಂದಿದ್ದಾರೆ. ಒಬ್ಬನ ಅಳುಕು, ಇನ್ನೊಬ್ಬನ ಅತಿರೇಕ, ಇವೇ ನಗೆಯ ಮೂಲ. ಉಳಿದ ದಂಪತಿಗಳನ್ನು ಕಂಡು ನಗುವಂತೆಯೇ ಇವರನ್ನು ಕಂಡು ನಗುತ್ತೇವೆ. ಆದರೆ ಉಳಿದವರು ಚುಂಬಿಸಿದಂತೆ ಇವರು ಚುಂಬಿಸಲಿಲ್ಲವೆಂಬ ಆಕ್ಷೇಪ ಮೊದಲ ವರ್ಷವೇ ಬಂದಿತು. 2010ರಲ್ಲಿ ಅದೇ ವಿಷಯದ ಸುತ್ತ ಹೆಣೆದ ಕಂತಿನಲ್ಲಿಯೂ ಚುಂಬನ ನಡೆದುದು ದೃಶ್ಯದ ಹಿನ್ನೆಲೆಯಲ್ಲಿ. 2014ರ ವಿವಾಹದ ಕಂತಿನಲ್ಲಿ ಮಾತ್ರ ಹಿಂಜರಿದಿದ್ದ ತಂದೆಯೇ ಮಗನನ್ನು ಮಂಟಪಕ್ಕೆ ಕರೆತರುತ್ತಾನೆ. ವೆರೋನಿಕಾಗೆ ಇಲ್ಲದಿದ್ದ ಕಾನೂನಿನ ಆಸರೆ ಇವರಿಗಿತ್ತು. ಆದರೂ ಕಲೆಯ ದೃಷ್ಟಿಯಿಂದ ನಾವು 1977ರ ಕಂತನ್ನೇ ಮೇಲೆಣಿಸುತ್ತೇವೆ. ಅದರಲ್ಲಿ ವೆರೋನಿಕಾ ಮನೆಯವರನ್ನು ಹೋಲಬೇಕಾಗಿಲ್ಲ, ನೋಡುವವರನ್ನು ನಗಿಸಬೇಕಾಗಿಯೂ ಇಲ್ಲ.