ಅರ್ಧ ಮನೆಗಳ ಕೇರಿ

ಹಳೆಯ ಊರೊಂದನ್ನು ಕಾಪಿಟ್ಟು ತೋರಿಸುವುದೂ ಒಂದು ಬಗೆಯ ಬರವಣಿಗೆಯೇ. ಯಾವ ಗೋಡೆಯನ್ನು ಮತ್ತೆ ಎಬ್ಬಿಸಬೇಕು, ಯಾವುದನ್ನು ಬಿದ್ದಂತೆಯೇ ಬಿಡಬೇಕು ಎಂದು ಯಾರೋ ತೀರ್ಮಾನಿಸಿರುತ್ತಾರೆ. ಹಾಗಾಗಿ ಅದನ್ನು ಪುಸ್ತಕದಂತೆ ವಿಮರ್ಶೆಗೂ ಒಡ್ಡಬಹುದು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪರ್ವತಗಳ ನಡುವೆ, ಆರೋಟೌನ್ ಪಟ್ಟಣದ ಅಂಚಿನಲ್ಲಿರುವ ಚೀನೀ ಗಣಿಗಾರರ ಕಲ್ಲಿನ ಕೇರಿಯನ್ನು ನಾನು ಹಾಗೆ ಓದಿದ್ದೇನೆ.

ಆರೋ ನದಿಯಲ್ಲಿ ಚಿನ್ನ ಸಿಕ್ಕಿದ್ದು 1862ರಲ್ಲಿ. ಮೊದಲು ಮುತ್ತಿದವರಲ್ಲಿ ಅನೇಕರು ಬೇರೆ ಗಣಿಗಳತ್ತ ಹೊರಟಾಗ, ವ್ಯಾಪಾರ ಕುಸಿಯುವ ಭಯದಿಂದ ಡ್ಯುನೆಡಿನ್ನಿನ ವರ್ತಕರೇ ಚೀನೀಯರನ್ನು ಕರೆಸಿಕೊಂಡರು. ಅವರು ಬುಷ್ ಕ್ರೀಕ್ ಎಂಬ ತೊರೆಯ ಪಕ್ಕದಲ್ಲಿ ಗುಡಿಸಲು ಹಾಕಿದರು. 1983ರಲ್ಲಿ ಪುರಾತತ್ತ್ವಜ್ಞ ನೆವಿಲ್ ರಿಚಿ ಇಲ್ಲಿ ಉತ್ಖನನ ನಡೆಸಿದರು. ಆಮೇಲೆ ಕೆಲವು ಗುಡಿಸಲುಗಳನ್ನು ಮತ್ತೆ ಕಟ್ಟಲಾಯಿತು.

ಮೆಚ್ಚಬೇಕಾದದ್ದನ್ನು ಮೊದಲು ಹೇಳುತ್ತೇನೆ. ಕಟ್ಟಿದವರು ಬಡತನಕ್ಕೆ ಬಣ್ಣ ಬಳಿದಿಲ್ಲ. ಒಂದು ಗುಡಿಸಲು ಚಾಚಿಕೊಂಡ ಬಂಡೆಯನ್ನೇ ಸೂರು ಮಾಡಿಕೊಂಡಿದೆ. ಇನ್ನು ಕೆಲವಕ್ಕೆ ಚಪ್ಪಡಿ ಕಲ್ಲಿನ ಗೋಡೆ, ತಗಡಿನ ಅಥವಾ ಹುಲ್ಲಿನ ಮಾಡು. ಒಬ್ಬನು ಮಲಗಿ ಏಳುವಷ್ಟೇ ಜಾಗ. ತಲೆ ಬಗ್ಗಿಸಿ ಒಳಗೆ ಹೋದರೆ ಯಾವ ವಿವರಣೆಯೂ ಬೇಕಾಗುವುದಿಲ್ಲ.

ತೊಡಕು ಇರುವುದೂ ಇಲ್ಲಿಯೇ. ವಿವರಣೆ ಬೇಡವೆನಿಸುವಷ್ಟು ಚೆನ್ನಾಗಿ ನಿಂತಿರುವ ಗೋಡೆ ಅರ್ಧ ಸತ್ಯವನ್ನು ಪೂರ್ತಿಯೆಂದು ನಂಬಿಸುತ್ತದೆ. ನೋಡಿದವರು 'ಎಷ್ಟು ಪುಟ್ಟ ಮನೆ, ಎಷ್ಟು ಸರಳ ಜನ' ಎಂದುಕೊಂಡು ಹೊರಬರುತ್ತಾರೆ. ಆದರೆ ಒಬ್ಬನಿಗಷ್ಟೇ ಸಾಲುವ ಈ ಮನೆಯ ಹಿಂದೆ ಕಾನೂನಿನ ಕೈಯೂ ಇತ್ತು. 1881ರ ಕಾಯ್ದೆ ದೇಶದೊಳಗೆ ಬರುವ ಪ್ರತಿ ಚೀನೀಯನ ಮೇಲೆ 10 ಪೌಂಡ್ ತಲೆಗಂದಾಯ ಹೇರಿತು. 1896ರಲ್ಲಿ ಅದು 100 ಪೌಂಡ್ ಆಯಿತು. 1881ರಲ್ಲಿ ಈ ದೇಶದಲ್ಲಿದ್ದ ಚೀನೀ ಗಂಡಸರು 4,995, ಹೆಂಗಸರು 9. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬರುವ ರೂಢಿ ಮೊದಲೇ ಇತ್ತು. ಮುಂದೆ ಕರೆಸಿಕೊಳ್ಳೋಣವೆಂದರೂ ಕಂದಾಯ ಅಡ್ಡ ನಿಂತಿತು. 1898ರ ವೃದ್ಧಾಪ್ಯ ಪಿಂಚಣಿ ಕಾಯ್ದೆಯಂತೂ ಚೀನೀಯರನ್ನು ಮಾತ್ರವಲ್ಲ, ಇತರ ಏಷ್ಯನ್ನರನ್ನೂ ಹೊರಗಿಟ್ಟಿತು. ತಲೆಗಂದಾಯ ಪೂರ್ತಿ ರದ್ದಾದದ್ದು 1944ರಲ್ಲಿ, ಸರ್ಕಾರ ಕ್ಷಮೆ ಕೇಳಿದ್ದು 2002ರಲ್ಲಿ.

ನಾನಿರುವ ಆಕ್ಲೆಂಡಿನ ಒನೆಹುಂಗಾದಲ್ಲೂ ಕಾಪಿಟ್ಟ ಪುಟ್ಟ ಮನೆಯೊಂದಿದೆ. ಜೆಲಿಕೋ ಪಾರ್ಕಿನಲ್ಲಿರುವ ಅದು ಫೆನ್ಸಿಬಲ್ ಎಂಬ ನಿವೃತ್ತ ಸೈನಿಕರ ಮನೆಯ ಪ್ರತಿಕೃತಿ. 1847ರಿಂದ ಆ ಸೈನಿಕರನ್ನು ಸರ್ಕಾರವೇ ಕುಟುಂಬ ಸಮೇತ ಕರೆತಂದಿತು. ಏಳು ವರ್ಷದ ಸೇವೆ ಮುಗಿಸಿದವನಿಗೆ ಮನೆಯೂ ಒಂದು ಎಕರೆ ಜಮೀನೂ ಸ್ವಂತವಾಗುತ್ತಿತ್ತು. ಅದೂ ಪುಟ್ಟದು, ಇದೂ ಪುಟ್ಟದು. ಆದರೆ ಒಂದು ಸಂಸಾರದ ಆರಂಭ, ಇನ್ನೊಂದು ಊರಿಗೆ ಮರಳುವ ದಿನದ ಕಾಯುವಿಕೆ. ಬರೀ ಗೋಡೆ ನೋಡಿದವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಲೆಕ್ಕ ಪರಿಶೋಧನೆ ನನ್ನ ಕಸುಬು. ಜಮೆಯ ಪುಟ ಮಾತ್ರ ಕೊಟ್ಟು ಖರ್ಚಿನ ಪುಟ ಹರಿದಿಟ್ಟರೆ ಯಾವ ಲೆಕ್ಕಕ್ಕೂ ಸಹಿ ಹಾಕಲಾಗದು. ಆರೋಟೌನಿನ ಕೇರಿ ಅಂಥ ಪುಸ್ತಕ. ಈ ಗುಡಿಸಲಲ್ಲಿ ಉಳಿಸಿದ ಹಣ ಗುವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಗಳಿಗೆ ಹೋಗುತ್ತಿತ್ತು. ಮನೆಯ ಇನ್ನರ್ಧ ಇದ್ದದ್ದು ಅಲ್ಲಿ. ಕೇರಿಯಲ್ಲಿ ಆ ಅರ್ಧದ ಸುಳಿವು ಕೊಡುವ ಕಟ್ಟಡ ಆ ಲಮ್‌ನ ಅಂಗಡಿಯೊಂದೇ. ಆತ ದಿನಸಿ ಮಾರುವುದರ ಜೊತೆಗೆ ದುಭಾಷಿಯೂ ಆಗಿದ್ದ, ತನ್ನವರಿಗೆ ಬ್ಯಾಂಕೂ ಆಗಿದ್ದ.

ಕರಾವಳಿಯ ಓದುಗರಿಗೆ ಇದೇನೂ ದೂರದ ಕಥೆಯಲ್ಲ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಹಗಲು ಮೇಜು ಒರೆಸಿ, ರಾತ್ರಿ ಅಲ್ಲೇ ಚಾಪೆ ಹಾಸಿ ಮಲಗಿದವರ ಮನಿಯಾರ್ಡರಿನಿಂದ ಊರಿನ ಎಷ್ಟೋ ಮನೆಗಳಿಗೆ ಹಂಚು ಏರಿತು. ಹಂಚಿನ ಮನೆಯ ಫೋಟೋ ಎಲ್ಲರಲ್ಲೂ ಇದೆ. ಆ ಚಾಪೆಯನ್ನು ಯಾರೂ ಕಾಪಿಟ್ಟಿಲ್ಲ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಕೆಲಸ ದೊಡ್ಡದು. ಅಲ್ಲಿನ ಕಂಬ, ಚಾವಡಿಗಳ ಮುಂದೆ ನಿಂತಾಗಲೂ ಕೇಳಬೇಕಾದ ಪ್ರಶ್ನೆ ಇದೇ: ಇದಕ್ಕಾಗಿ ದುಡಿದವರು ಎಲ್ಲಿ ಮಲಗುತ್ತಿದ್ದರು? ಆರೋಟೌನಿನಲ್ಲಿ ದುಡಿದವನ ಗೂಡಿದೆ, ಮನೆಯಿಲ್ಲ. ನಮ್ಮಲ್ಲಿ ಮನೆಯಿದೆ, ಗೂಡಿಲ್ಲ.

ಹರಿದ ಪುಟ ಸಿಗುವುದೇ ಇಲ್ಲವೆಂದಲ್ಲ. ಅಲೆಕ್ಸಾಂಡರ್ ಡಾನ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ ಗಣಿಯಿಂದ ಗಣಿಗೆ ನಡೆದು ಮೂರು ಸಾವಿರಕ್ಕೂ ಹೆಚ್ಚು ಚೀನೀಯರ ಹೆಸರು, ಹುಟ್ಟೂರುಗಳನ್ನು ಬರೆದಿಟ್ಟ. ಮತಾಂತರಕ್ಕೆಂದು ಹೋದವನ ಕೈಯಲ್ಲಿ ಉಳಿದದ್ದು ಈ ಪಟ್ಟಿ. ಜೇಮ್ಸ್ ಎನ್‌ಜಿ ಅವರ 'ವಿಂಡೋಸ್ ಆನ್ ಎ ಚೈನೀಸ್ ಪಾಸ್ಟ್' ಸಂಪುಟಗಳಲ್ಲಿ ಅದನ್ನು ಓದಬಹುದು. ಕಲ್ಲಿನ ಕೇರಿಗಿಂತ ಈ ಪಟ್ಟಿಯೇ ಆ ಜನರಿಗೆ ಹೆಚ್ಚು ನ್ಯಾಯ ಮಾಡಿದೆ ಎಂಬುದು ನನ್ನ ತೀರ್ಮಾನ. ಕಾರಣ ಸರಳ: ಅದರಲ್ಲಿ ಪ್ರತಿಯೊಬ್ಬನಿಗೂ ಒಂದು ಊರಿದೆ.

ಆ ಊರು ಅವರಿಗೆ ಎಷ್ಟು ಮುಖ್ಯವಾಗಿತ್ತೆಂಬುದಕ್ಕೆ 1902ರ ಅಕ್ಟೋಬರಿನ ದುರಂತವೇ ಸಾಕ್ಷಿ. ಸುಮಾರು 500 ಮಂದಿಯ ಅಸ್ಥಿಗಳನ್ನು ಗೋರಿಗಳಿಂದ ತೆಗೆದು ಚೀನಾಕ್ಕೆ ಸಾಗಿಸುತ್ತಿದ್ದ ವೆಂಟ್ನರ್ ಹಡಗು ಹೊಕಿಯಾಂಗಾ ಬಳಿ ಮುಳುಗಿತು. ದಡಕ್ಕೆ ಬಂದ ಎಲುಬುಗಳನ್ನು ಅಲ್ಲಿನ ಮಾವೊರಿ ಜನ ತಮ್ಮವರೆಂಬಂತೆ ಮಣ್ಣು ಮಾಡಿದರು.

ಆರೋಟೌನಿಗೆ ಹೋಗುವ ಕನ್ನಡಿಗರು ಗುಡಿಸಲ ಮುಂದೆ ಫೋಟೋ ತೆಗೆಸಿಕೊಳ್ಳಲಿ. ಅದಕ್ಕೆ ಮೊದಲು ಆ ಪಟ್ಟಿಯ ಒಂದೆರಡು ಪುಟ ಓದಿರಲಿ. ಊರಲ್ಲಿ ಮನೆ ಕಟ್ಟಿಸಿ ಬೀಗ ಹಾಕಿ ಬಂದಿರುವ ನಮ್ಮಂಥವರಿಗೆ ಆ ಸಣ್ಣ ಬಾಗಿಲೊಳಗೆ ಕಾಣುವುದು ಬೇರೆಯವರ ಇತಿಹಾಸ ಮಾತ್ರವಾಗಿ ಉಳಿಯುವುದಿಲ್ಲ.